ಒಂದು ಹಳೆಯ ಗಣಕಯಂತ್ರದ ಜೀರ್ಣೋದ್ಧಾರ

ಕಳೆದ ವರ್ಷ ನಾವು ಒಂದು ಹಳೆಯ ಗಣಕಯಂತ್ರವನ್ನು ಕಟ್ಟುತ್ತಿರುವೆವೆಂಬ ಸುದ್ದಿಯನ್ನು ಕೇಳಿ ವಡೋದರಾದ ನಮ್ಮ ಹಿರಿಯ ಸಹೋದ್ಯೋಗಿಗಳೊಬ್ಬರು ಮನಸಾರೆ ನಕ್ಕರು. ಇಪ್ಪತ್ತೈದು ವರ್ಷಗಳ ಹಿಂದಿನ ಬಿಡಿಭಾಗಗಳನ್ನು ಕೂಡಿಸಿ, ಅದರಲ್ಲಿ ಮಕ್ಕಳಿಂದ ಹಳೆಯ ಆಟಗಳನ್ನು ಆಡಿಸುವೆವೆಂದು ತಿಳಿಸಿದಾಗ ಅವರ ನಗು ಅಲ್ಲಿಗೇ ನಿಂತಿತು. “ಕನ್ನಡ ಕಲಿಸಲು ಬಂದವರು ನೀವು; ನಿಮಗೇಕೆ ಈ ಗುಜರಿಯ ಸಹವಾಸ?” ಎಂದು ಕೇಳಿದರು. ಅಂದು ನಾವು ಕೊಟ್ಟ ಉತ್ತರ ನಮಗೇ ಸಮಾಧಾನವನ್ನು ತರಲಿಲ್ಲ. ಈ ಸಂಚಿಕೆಗೆ ಒಂದು ಲೇಖನವನ್ನು ಕಳುಹಬೇಕೆಂದು ಶಾಲೆಯಿಂದ ಪತ್ರ ಬಂದಾಗ, ತಡವಾಗಿಯಾದರೂ ಆ ಉತ್ತರವನ್ನು ಇಲ್ಲಿ ಬರೆಯೋಣವೆನ್ನಿಸಿತು. ಅದರ ಕೊನೆಯಲ್ಲಿ ಶಾಲೆಗೆ ಒಂದು ಬಿನ್ನಹವೂ ಇದೆ.

ನಾವು ಈ ಶಾಲೆಯ ಹಳೆಯ ವಿದ್ಯಾರ್ಥಿಗಳು. ಇಲ್ಲಿಯೇ ಕನ್ನಡ ಮಾಧ್ಯಮದಲ್ಲಿ ಓದಿ ಹತ್ತನೆಯ ಇಯತ್ತೆಯನ್ನು, ಹಿರಿಯರ ಮಾತಿನಲ್ಲಿ ಹೇಳುವುದಾದರೆ ಮೆಟ್ರಿಕ್ಕನ್ನು, ದಾಟಿದವರು. ಹೊಟ್ಟೆಪಾಡು ನಮ್ಮನ್ನು ಗುಜರಾತಕ್ಕೆ ಕರೆದೊಯ್ದಿತು. ವಡೋದರಾದಲ್ಲಿ ವಾಸ; ವಾರದ ಕೊನೆಯ ದಿನಗಳಲ್ಲಿ ಅಲ್ಲಿಯೂ ಅಹಮದಾಬಾದು, ಸೂರತ್ತುಗಳಲ್ಲಿಯೂ ನೆಲೆಸಿದ ಕನ್ನಡ ಕುಟುಂಬಗಳ ಮಕ್ಕಳಿಗೆ ಓದು ಬರಹ ಕಲಿಸುವುದು ಕಾಯಕ. ಆ ಮಕ್ಕಳ ತಂದೆತಾಯಿಗಳು ತೈಲ ಶುದ್ಧೀಕರಣದ ಕಾರಖಾನೆಯಲ್ಲಿಯೋ, ಬ್ಯಾಂಕಿನಲ್ಲಿಯೋ, ಬಾಹ್ಯಾಕಾಶ ಕೇಂದ್ರದಲ್ಲಿಯೋ, ಹಜೀರಾದ ಉದ್ಯಮಗಳಲ್ಲಿಯೋ ಇರುವವರು. ಕನ್ನಡಿಗರಿಗೆ ಈ ದಾರಿ ಹೊಸದೇನೂ ಅಲ್ಲ. ಉಡುಪಿಯ ಬಳಿಯ ಅದಮಾರಿನವರಾದ ಯು. ಆರ್. ರಾವ್ ಅವರು ಅಹಮದಾಬಾದಿನ ಭೌತ ಸಂಶೋಧನಾ ಪ್ರಯೋಗಾಲಯದಲ್ಲಿ ವಿಕ್ರಮ ಸಾರಾಭಾಯಿಯವರ ಕೈಕೆಳಗೆ ಕೆಲಸ ಮಾಡಿ 1960ರಲ್ಲಿ ಡಾಕ್ಟರೇಟ್ ಪಡೆದವರು.

ನಮ್ಮ ಯಂತ್ರದ ಕಥೆ ಸಂತೆಯಲ್ಲಿ ಆರಂಭವಾಯಿತು. ಕನ್ನಡದಲ್ಲಿ ಗುಜರಿ ಎಂದರೆ ಹಾಳು ಸಾಮಾನು. ಗುಜರಾತಿಯಲ್ಲಿ ಅದೇ ಮಾತಿಗೆ ಸಂತೆಯೆಂದು ಅರ್ಥ. ಅಹಮದಾಬಾದಿನಲ್ಲಿ ಸಾಬರಮತಿಯ ದಂಡೆಯ ಮೇಲೆ, ಎಲಿಸ್ ಸೇತುವೆಯ ಬಳಿ, ರವಿವಾರಕ್ಕೊಮ್ಮೆ ಕೂಡುವ ಗುಜರಿ ಬಜಾರಕ್ಕೆ ‘ರವಿವಾರಿ’ ಎಂದು ಹೆಸರು. ನಗರವನ್ನು ಕಟ್ಟಿದ ಸುಲ್ತಾನ ಅಹಮದಶಹನ ಕಾಲದಲ್ಲಿ, 1414ರಲ್ಲಿ, ಅದು ಮೊದಲಾಯಿತೆಂದು ಅಲ್ಲಿಯವರ ನಂಬಿಕೆ. ನದಿಯ ದಂಡೆಯನ್ನು ಹೊಸದಾಗಿ ಕಟ್ಟಿದ ಮೇಲೆ 2014ರಲ್ಲಿ ಆ ಸಂತೆಗೂ ಹೊಸ ಅಂಕಣವಾಯಿತು. ಸೂರತ್ತಿನಲ್ಲಿ ಶನಿವಾರಿ, ವಡೋದರಾದಲ್ಲಿ ಶುಕ್ರವಾರಿ. ಪಾಠಕ್ಕೆ ಹೋದ ಊರಿನಲ್ಲೆಲ್ಲ ಒಂದು ಸಂತೆ ಕಾದಿರುವಾಗ ಬರಿಗೈಯಲ್ಲಿ ಮರಳುವುದು ನಮ್ಮಂಥವರಿಗೆ ಕಷ್ಟ.

ಹಿತ್ತಾಳೆಯ ತಂಬಿಗೆ, ಹೊಲಿಗೆಯ ಯಂತ್ರ, ಹಳೆಯ ಪುಸ್ತಕ, ಹಗ್ಗದ ಮಂಚಗಳ ನಡುವೆ ಅಲ್ಲಲ್ಲಿ ಸತ್ತ ಕಂಪ್ಯೂಟರುಗಳ ರಾಶಿ ಬಿದ್ದಿರುತ್ತದೆ. ಅವುಗಳನ್ನು ಕೊಳ್ಳುವವರು ಬಹುಮಟ್ಟಿಗೆ ಲೋಹದ ಗಿರಾಕಿಗಳು. ಪ್ರೊಸೆಸರಿನ ಕಾಲುಗಳ ಮೇಲಣ ಚಿನ್ನದ ಲೇಪಕ್ಕಾಗಿ ಆಸಿಡ್ಡಿನಲ್ಲಿ ಅದ್ದುವವರಿದ್ದಾರೆ. ತಂತಿಯ ತಾಮ್ರಕ್ಕಾಗಿ ಬಯಲಿನಲ್ಲಿ ಸುಟ್ಟು ಹೊಗೆಯನ್ನು ಕುಡಿಯುವವರಿದ್ದಾರೆ. ಅಂತಹ ರಾಶಿಯೊಂದರಲ್ಲಿ ನಮ್ಮ ಕಣ್ಣಿಗೆ ಬಿದ್ದ ಮದರ್‌ಬೋರ್ಡಿನ ಮೇಲೆ ಪ್ರೊಸೆಸರನ್ನು ನಿಲ್ಲಿಸುವ ಉದ್ದನೆಯ ಸ್ಲಾಟುಗಳು ಒಂದರ ಮಗ್ಗುಲಿಗೊಂದು ಎರಡಿದ್ದವು. ಒಂದರಲ್ಲಿ ಪ್ರೊಸೆಸರ್ ಇತ್ತು. ಇನ್ನೊಂದರಲ್ಲಿ ಬರಿಯ ಒಂದು ಚಿಕ್ಕ ಹಲಗೆ. ಮಾರುವಾತನು ಅದನ್ನು ತೂಗಿ ಬೆಲೆ ಹೇಳಿದನು. ನಾವು ಚೌಕಾಶಿ ಮಾಡಲಿಲ್ಲ. ಗುಜರಾತದಲ್ಲಿ ಇದ್ದು ಚೌಕಾಶಿ ಮಾಡದೆ ಕೊಂಡ ವಸ್ತು ಬಹುಶಃ ಇದೊಂದೇ.

ಇದರಲ್ಲಿ ಅಂಥ ವಿಶೇಷವೇನು ಎಂದು ಇಂದಿನ ವಿದ್ಯಾರ್ಥಿಗಳು ಕೇಳಬಹುದು. ಇಂದು ಸಾಧಾರಣ ಮೊಬೈಲಿನೊಳಗೂ ಎಂಟು ‘ಕೋರ್’ಗಳಿರುವುದುಂಟು, ಎಂದರೆ ಎಂಟು ಪ್ರೊಸೆಸರುಗಳು ಒಂದೇ ಚೂರಿನೊಳಗೆ ಅಡಗಿವೆ. ಆದರೆ 1999ರ ಸುಮಾರಿಗೆ ಮನೆಯ ಗಣಕಕ್ಕೆ ಒಂದೇ ಪ್ರೊಸೆಸರ್ ಎಂಬುದು ನಿಯಮವೇ ಆಗಿದ್ದಿತು. ಎರಡು ಪ್ರೊಸೆಸರುಗಳ ಯಂತ್ರವು ದೊಡ್ಡ ಕಚೇರಿಗಳಿಗೆ, ನಕ್ಷೆ ಚಿತ್ರಗಳನ್ನು ತಯಾರಿಸುವ ಕಾರ್ಯಾಗಾರಗಳಿಗೆ ಮೀಸಲು. ಆ ವರ್ಷ ತೈವಾನಿನ ಏಬಿಟ್ ಎಂಬ ಕಂಪನಿಯು ‘ಬಿಪಿ 6’ ಎಂಬ ಮದರ್‌ಬೋರ್ಡನ್ನು ಹೊರತಂದಿತು. ಇಂಟೆಲ್ ತನ್ನ ಅಗ್ಗದ ಸೆಲೆರಾನ್ ಪ್ರೊಸೆಸರುಗಳನ್ನು ಜೋಡಿಯಾಗಿ ದುಡಿಯಲೆಂದು ಮಾರುತ್ತಿರಲಿಲ್ಲ. ಅದಕ್ಕೆ ಬೆಲೆಯುಳ್ಳ ಬೇರೆ ಪ್ರೊಸೆಸರುಗಳನ್ನೇ ಕೊಳ್ಳಬೇಕಾಗಿತ್ತು. ಕೆಲವು ಸಾಹಸಿಗಳು ಹಿಂದಿನ ಸೆಲೆರಾನಿನ ಹಲಗೆಯನ್ನು ಕೊರೆದು, ತಂತಿ ಬೆಸೆದು ಜೋಡಿ ಮಾಡುತ್ತಿದ್ದರು. ಬಿಪಿ 6 ಬಂದ ಮೇಲೆ ಕೊರೆಯದೆ, ಬೆಸೆಯದೆ ಎರಡು ಸೆಲೆರಾನುಗಳನ್ನು ಕೂಡಿಸಬಹುದಾಯಿತು. ಶ್ರೀಮಂತರ ಯಂತ್ರವು ಹೀಗೆ ವಿದ್ಯಾರ್ಥಿಗಳ ಮೇಜಿಗೆ ಇಳಿದುಬಂದ ಕಾರಣದಿಂದಲೇ ಹಳೆಯ ಗಣಕಗಳ ಪ್ರಿಯರು ಇಂದಿಗೂ ಆ ಹೆಸರನ್ನು ಮಮತೆಯಿಂದ ನೆನೆಯುತ್ತಾರೆ. ಅದನ್ನು ಮಾಡಿದ ಕಂಪನಿಯು 2008ರ ಕೊನೆಗೆ ಮದರ್‌ಬೋರ್ಡುಗಳ ವ್ಯಾಪಾರವನ್ನೇ ಮುಚ್ಚಿತು.

ನಮಗೆ ದೊರೆತುದು ಬೇರೆ ಕುಲದ್ದು. ಇಂಟೆಲ್ಲಿನ 440 ಬಿಎಕ್ಸ್ ಚಿಪ್‌ಸೆಟ್ಟನ್ನು ಹೊಂದಿದ, 1999ರ ಪೆಂಟಿಯಂ 3 ಪ್ರೊಸೆಸರುಗಳಿಗೆ ಒಗ್ಗುವ ಬೋರ್ಡು. ಪ್ರೊಸೆಸರಿನ ವೇಗ 500 ಮೆಗಾಹರ್ಟ್ಸ್. ಅದರಲ್ಲಿರುವ ಟ್ರಾನ್ಸಿಸ್ಟರುಗಳ ಸಂಖ್ಯೆ 95 ಲಕ್ಷ. ಇಂದಿನ ಮೊಬೈಲಿನ ಚಿಪ್ಪಿನಲ್ಲಿ ಅವು ನೂರಾರು ಕೋಟಿ.

ಮನೆಗೆ ತಂದು ಧೂಳನ್ನು ಒರೆಸಿ ನೋಡಿದರೆ ಮೂರು ಕೆಪ್ಯಾಸಿಟರುಗಳ ತಲೆ ಉಬ್ಬಿದ್ದವು. ಆ ಕಾಲದ ಅನೇಕ ಯಂತ್ರಗಳಿಗೆ ಬಡಿದ ರೋಗವಿದು. ಒಳಗಿನ ದ್ರಾವಣ ಕೆಟ್ಟು ಅನಿಲವಾಗಿ ತಗಡನ್ನು ಉಬ್ಬಿಸುತ್ತದೆ. ಅಹಮದಾಬಾದಿನ ರಿಲೀಫ್ ರೋಡಿನಲ್ಲಿ ಅದೇ ಅಳತೆಯವನ್ನು ಕೊಂಡೆವು. ಬೆಸುಗೆಯ ಕೈ ನಮಗಿರಲಿಲ್ಲ. ಟಿ.ವಿ. ರಿಪೇರಿಯಲ್ಲಿ ಕೂದಲು ನರೆತ ಒಬ್ಬ ಹಿರಿಯರು ನಮ್ಮನ್ನು ಪಕ್ಕದಲ್ಲಿ ಕುಳ್ಳಿರಿಸಿಕೊಂಡು, “ನೋಡು ಭಾಯಿ, ಇದಕ್ಕೂ ತಲೆ ಬಾಲ ಉಂಟು, ತಿರುಗಾಮುರುಗಾ ಹಾಕಿದರೆ ಸಿಡಿಯುತ್ತದೆ” ಎಂದು ಧನ ಋಣಗಳ ಗುರುತನ್ನು ತೋರಿಸಿದರು. ಮೂರರಲ್ಲಿ ಕೊನೆಯದನ್ನು ನಮ್ಮ ಕೈಯಿಂದಲೇ ಹಾಕಿಸಿದರು. ಹಣ ಕೊಡಹೋದರೆ ಚಹದ ಬೆಲೆಯನ್ನು ಮಾತ್ರ ತೆಗೆದುಕೊಂಡರು.

ಎರಡನೆಯ ಪ್ರೊಸೆಸರ್ ಸಿಗಲು ನಾಲ್ಕು ತಿಂಗಳಾದವು. ಅಲ್ಲಿಯವರೆಗೆ ಆ ಸ್ಲಾಟಿನಲ್ಲಿ ಟರ್ಮಿನೇಟರ್ ಎಂಬ ಆ ಚಿಕ್ಕ ಹಲಗೆಯೇ ಕುಳಿತಿದ್ದಿತು. ಅದು ಏನನ್ನೂ ಲೆಕ್ಕಿಸದು, ಏನನ್ನೂ ನೆನೆಯದು. ವಿದ್ಯುತ್ ಸಂಕೇತಗಳು ಬರಿದಾದ ಸ್ಲಾಟಿಗೆ ತಾಗಿ ಹಿಂದಿರುಗಿ ಗದ್ದಲ ಮಾಡದಂತೆ ತಡೆಯುವುದಷ್ಟೇ ಅದರ ಕೆಲಸ. ಕೊನೆಗೆ ಜೊತೆಯ ಪೆಂಟಿಯಂ ಸೂರತ್ತಿನಲ್ಲಿ, ಸೀರೆಗಳ ನಕ್ಷೆ ತಯಾರಿಸುವ ಒಂದು ಕಚೇರಿಯಿಂದ ಹೊರಬಿದ್ದ ಹಳೆಯ ಯಂತ್ರದಲ್ಲಿ ದೊರೆಯಿತು. ಸೀರೆಗೂ ಗಣಕಕ್ಕೂ ನಂಟು ಹಳೆಯದು. ಫ್ರಾನ್ಸಿನ ಜಕಾರ್ಡನು 1804ರಲ್ಲಿ ತನ್ನ ಮಗ್ಗಕ್ಕೆ ತೂತುಪಟ್ಟಿಗಳಿಂದ ನಕ್ಷೆಯನ್ನು ಕಲಿಸಿದನು, ಬಹುಕಾಲದ ಮೇಲೆ ಗಣಕಗಳೂ ಅಂಥವೇ ಪಟ್ಟಿಗಳನ್ನು ಓದಿದವು.

ಎರಡನ್ನೂ ನಿಲ್ಲಿಸಿ ವಿದ್ಯುತ್ತನ್ನು ಹರಿಸಿದೆವು. ಪರದೆಯ ಮೊದಲ ಸಾಲುಗಳಲ್ಲಿ ಎರಡು ಪ್ರೊಸೆಸರುಗಳ ಹೆಸರೂ ಕಂಡಿತು. ಮಕ್ಕಳು ಚಪ್ಪಾಳೆ ತಟ್ಟಿದರು. ಆದರೆ ವಿಂಡೋಸ್ 2000 ತೆರೆದ ಮೇಲೆ ನೋಡಿದರೆ ಒಂದೇ ಒಂದು! ಒಂದು ಇಡೀ ಸಂಜೆ ನಮಗೆ ಕಾರಣ ತಿಳಿಯಲಿಲ್ಲ. ಎರಡನೆಯದನ್ನು ಕಿತ್ತು ಮತ್ತೆ ಕೂಡಿಸಿದೆವು, ಸ್ಥಾನವನ್ನು ಅದಲು ಬದಲು ಮಾಡಿದೆವು. ತಪ್ಪು ನಮ್ಮದೇ. ನಾಲ್ಕು ತಿಂಗಳ ಹಿಂದೆ ವಿಂಡೋಸನ್ನು ಸ್ಥಾಪಿಸುವಾಗ ಯಂತ್ರದಲ್ಲಿ ಒಂದೇ ಪ್ರೊಸೆಸರ್ ಇದ್ದಿತು. ಅದು ತನ್ನ ಮನೆಯಲ್ಲಿ ಒಬ್ಬನೇ ದುಡಿಯುವವನಿರುವನೆಂದು ಬರೆದುಕೊಂಡಿತ್ತು. ಆಮೇಲೆ ಇನ್ನೊಬ್ಬನು ಬಂದು ಬಾಗಿಲಲ್ಲಿ ನಿಂತರೂ ಅದು ಹಳೆಯ ಬರಹವನ್ನೇ ನಂಬಿ ನಡೆಯಿತು. ಆ ಬರಹವನ್ನು ಬದಲಿಸಬೇಕು, ಇಲ್ಲವೆ ಎಲ್ಲವನ್ನೂ ಮೊದಲಿನಿಂದ ಸ್ಥಾಪಿಸಬೇಕು. ನಾವು ಎರಡನೆಯದನ್ನೇ ಮಾಡಿದೆವು. ಅದಕ್ಕೆ ಬೇರೊಂದು ಕಾರಣವಿತ್ತು, ಮುಂದೆ ಹೇಳುವೆವು.

ಐನೂರು ಐನೂರು ಕೂಡಿ ಸಾವಿರವಾಯಿತೆ ಎಂದು ಒಬ್ಬ ಹುಡುಗನು ಕೇಳಿದನು. ಆಗಲಿಲ್ಲ. ಒಂದೇ ಒರಳಿಗೆ ಎರಡು ಒನಕೆಗಳನ್ನು ಹಾಕಿ ಕುಟ್ಟುವುದನ್ನು ನಮ್ಮ ಅಜ್ಜಿಯಂದಿರಲ್ಲಿ ಕಂಡವರಿಗೆ ಇದು ಕೂಡಲೆ ತಿಳಿಯುತ್ತದೆ. ಒಬ್ಬಳ ಒನಕೆ ಏಳುವಾಗ ಇನ್ನೊಬ್ಬಳದು ಇಳಿಯಬೇಕು. ಇಬ್ಬರೂ ಒಮ್ಮೆಲೆ ಇಳಿಸಿದರೆ ಒನಕೆಗೆ ಒನಕೆ ತಾಗಿ ಕೈ ನೋಯುವುದಷ್ಟೇ ಲಾಭ. ನಮ್ಮ ಯಂತ್ರದಲ್ಲಿ ಪ್ರೊಸೆಸರುಗಳು ಎರಡಾದರೂ ಮೆಮೊರಿ ಒಂದೇ, ಅಲ್ಲಿಗೆ ಹೋಗುವ ದಾರಿಯೂ ಒಂದೇ. ಒಂದು ಹೋಗಿಬರುವಾಗ ಇನ್ನೊಂದು ಕಾಯಬೇಕು. ಕಾಯುವ ಹೊತ್ತನ್ನು ತಗ್ಗಿಸಲೆಂದು ಪ್ರತಿಯೊಂದಕ್ಕೂ ತನ್ನದೇ ಆದ ಪುಟ್ಟ ಕಣಜವನ್ನು, ಕ್ಯಾಶ್ ಎಂಬುದನ್ನು, ಕೊಟ್ಟಿರುತ್ತಾರೆ. ಒಂದರ ಕಣಜದಲ್ಲಿ ಕಾಳು ಬದಲಾದರೆ ಇನ್ನೊಂದಕ್ಕೆ ಸುದ್ದಿ ಮುಟ್ಟಬೇಕು; ಇಲ್ಲವಾದರೆ ಲೆಕ್ಕ ತಪ್ಪುತ್ತದೆ.

ಇನ್ನೂ ಒಂದು ತೊಡಕಿದೆ. ಕೆಲವು ಕೆಲಸಗಳನ್ನು ಹಂಚಲು ಬರುತ್ತದೆ, ಕೆಲವನ್ನು ಬರುವುದಿಲ್ಲ. ಒಂದು ತಾಸಿನ ಕೆಲಸದಲ್ಲಿ ಅರ್ಧ ಭಾಗ ಹಂಚಲಾಗದ್ದು ಎನ್ನೋಣ. ಆ 30 ನಿಮಿಷ ಹಾಗೆಯೇ ಉಳಿಯುವುದು. ಮಿಕ್ಕ 30 ನಿಮಿಷದ ಕೆಲಸವನ್ನು ಇಬ್ಬರು ಹಂಚಿಕೊಂಡರೆ 15 ನಿಮಿಷ. ಒಟ್ಟು 45. ಎಷ್ಟೇ ಜನರನ್ನು ತಂದು ನಿಲ್ಲಿಸಿದರೂ ಮೊದಲಿನ 30ಕ್ಕಿಂತ ಕೆಳಗೆ ಇಳಿಯಲಾರದು. ಜೀನ್ ಆಮ್ಡಾಲ್ ಎಂಬ ಗಣಕತಜ್ಞರು 1967ರಲ್ಲಿ ಮಂಡಿಸಿದ ವಿಚಾರವಿದು. ನಮ್ಮ ಏಳನೆಯ ಇಯತ್ತೆಯ ಮಕ್ಕಳು ಅದನ್ನು ಕಾಲುತಾಸಿನಲ್ಲಿ ಲೆಕ್ಕ ಹಾಕಿ ಒಪ್ಪಿಕೊಂಡರು.

ವಾಸ್ತವವಾಗಿ, ಈ ಯಂತ್ರದ ಶಿಕ್ಷಣಮೌಲ್ಯವಿರುವುದು ಇಲ್ಲಿಯೇ. ಮೊಬೈಲಿನ ಎಂಟು ಕೋರ್‌ಗಳನ್ನು ಯಾವ ಮಗುವೂ ಕಾಣಲಾರದು, ಮುಟ್ಟಲಾರದು. ಮೇಜಿನ ಗಣಕಗಳಿಗೆ ಒಂದೇ ಚಿಪ್ಪಿನಲ್ಲಿ ಎರಡು ಕೋರ್‌ಗಳು ಬಂದುದು 2005ರಲ್ಲಿ. ಅಂದಿನಿಂದ ಈ ವಿದ್ಯೆ ಚಿಪ್ಪಿನೊಳಗೆ ಮರೆಯಾಯಿತು. ನಮ್ಮ ಯಂತ್ರದಲ್ಲಿ ಅವು ಎರಡು ಕಪ್ಪು ಇಟ್ಟಿಗೆಗಳಂತೆ ಎದುರಿಗೆ ನಿಂತಿವೆ. ಯಂತ್ರವನ್ನು ನಿಲ್ಲಿಸಿ ಒಂದನ್ನು ಕಿತ್ತಿಡಬಹುದು, ಇನ್ನೊಂದರಿಂದ ಅದೇ ಕೆಲಸವನ್ನು ಮಾಡಿಸಿ ಗಡಿಯಾರ ನೋಡಬಹುದು.

ಟಾಸ್ಕ್ ಮ್ಯಾನೇಜರ್ ಎಂಬ ಕಿಟಕಿಯನ್ನು ತೆರೆದರೆ ಎರಡು ಪ್ರೊಸೆಸರುಗಳಿಗೆ ಎರಡು ಬೇರೆ ಬೇರೆ ರೇಖೆಗಳು ಕಾಣುತ್ತವೆ. 1999ರ ‘ಏಜ್ ಆಫ್ ಎಂಪೈರ್ಸ್ 2’ ಆಟವನ್ನು ಹಚ್ಚಿ ಮಕ್ಕಳು ಮೊದಲ ಬಾರಿ ಆ ರೇಖೆಗಳನ್ನು ನೋಡಿದಾಗ ಎರಡೂ ಸುಮಾರು ಅರ್ಧಕ್ಕೆ ಬಂದು ನಿಂತಿದ್ದವು. “ಸರ್, ಇಬ್ಬರೂ ಸಮನಾಗಿ ದುಡಿಯಾಕತ್ತಾರ!” ಎಂದು ಒಬ್ಬಳು ಸಂತೋಷಪಟ್ಟಳು. ನಿಜವಾಗಿ ಹಾಗಿರಲಿಲ್ಲ. ಆ ಆಟವನ್ನು ಬರೆದುದು ಒಬ್ಬನೇ ದುಡಿಯುವನೆಂದು. ವಿಂಡೋಸ್ ಆ ಒಂದೇ ಕೆಲಸವನ್ನು ಅತ್ತಿಂದಿತ್ತ ಇತ್ತಿಂದತ್ತ ವರ್ಗಾಯಿಸುತ್ತಿದ್ದಿತು. ಆಟವನ್ನು ಒಂದೇ ಪ್ರೊಸೆಸರಿಗೆ ಕಟ್ಟಿಹಾಕುವ ಆಯ್ಕೆಯನ್ನು ಒತ್ತಿದೊಡನೆ ಒಂದು ರೇಖೆ ಮೇಲಕ್ಕೇರಿತು, ಮತ್ತೊಂದು ನೆಲಕ್ಕೆ ಮಲಗಿತು. ಆಟದ ವೇಗ ಮಾತ್ರ ಎಳ್ಳಷ್ಟೂ ಬದಲಾಗಲಿಲ್ಲ. ಆ ಹುಡುಗಿಯ ಮುಖ ಬಾಡಿತು. “ಹಾಗಾದರೆ ಅದು ಸುಮ್ಮನ ಕುಂತದ ಅಲ್ಲೇನ್ರಿ?”

ಹೌದು, ಆ ಕಾಲದ ಬಹುತೇಕ ಆಟಗಳಿಗೆ ಎರಡನೆಯ ಪ್ರೊಸೆಸರ್ ಬೇಕಾಗಿರಲಿಲ್ಲ. 1999ರ ಕೊನೆಯಲ್ಲಿ ಬಂದ ‘ಕ್ವೇಕ್ 3’ ಎರಡನ್ನೂ ಬಳಸಬಲ್ಲ ವಿರಳ ಆಟಗಳಲ್ಲೊಂದು; ಅದು ಗುಂಡು ಹಾರಿಸುವ ಆಟವಾದ್ದರಿಂದ ಚಿಕ್ಕ ಮಕ್ಕಳ ಕೈಗೆ ನಾವು ಕೊಡಲಿಲ್ಲ. ಇನ್ನು ನಾವು ಬಾಲ್ಯದಲ್ಲಿ ಈ ಶಾಲೆಯ ಗಣಕದ ಕೋಣೆಯಲ್ಲಿ, ಗುರುಗಳು ಬೆನ್ನು ತಿರುಗಿಸಿದಾಗ ಆಡಿದ ‘ಡೇವ್’, ‘ಪ್ರಿನ್ಸ್ ಆಫ್ ಪರ್ಷಿಯಾ’ಗಳು ಅದಕ್ಕೂ ಹಿಂದಿನವು. ಅವುಗಳಿಗೆ ವಿಂಡೋಸ್ 98 ಅನುಕೂಲ. ಆದರೆ ವಿಂಡೋಸ್ 98ಕ್ಕೆ ಎರಡನೆಯ ಪ್ರೊಸೆಸರ್ ಇದೆಯೆಂಬುದೇ ತಿಳಿಯದು. ಆದುದರಿಂದ ಎರಡು ಹಾರ್ಡ್ ಡಿಸ್ಕುಗಳನ್ನು ಇಟ್ಟು, ಹಳೆಯ ಆಟಗಳಿಗೆ ಒಂದು, ಜೋಡಿ ದುಡಿಮೆಗೆ ಒಂದು ಎಂದು ಏರ್ಪಡಿಸಿದೆವು. ಒಬ್ಬ ಹುಡುಗನು ಸಾಮ್ರಾಜ್ಯಗಳ ಆಟದಲ್ಲಿ ನಮ್ಮವರೇಕಿಲ್ಲವೆಂದು ತಕರಾರು ಮಾಡಿದನು. 2022ರ ಹೊಸ ಆವೃತ್ತಿಯ ವಿಸ್ತರಣೆಯಲ್ಲಿ ಗುರ್ಜರರೂ ದ್ರಾವಿಡರೂ ಸೇರಿದ್ದಾರೆ. ಆದರೆ ಅದು ನಮ್ಮ ಹಳೆಯ ಯಂತ್ರದಲ್ಲಿ ನಡೆಯದು ಎಂದೆವು. ಆತನಿಗೆ ಒಪ್ಪಿಗೆಯಾದಂತೆ ಕಾಣಲಿಲ್ಲ.

ಎಲ್ಲವನ್ನೂ ಮೊದಲಿನಿಂದ ಸ್ಥಾಪಿಸಿದುದಕ್ಕೆ ಬೇರೊಂದು ಕಾರಣವಿತ್ತು ಎಂದೆವಷ್ಟೆ. ಅದು ಲಿಪಿಯ ಕಾರಣ. ವಿಂಡೋಸ್ 2000ಕ್ಕೆ ಎರಡು ಪ್ರೊಸೆಸರುಗಳು ತಿಳಿಯುತ್ತವೆ. ಆದರೆ ಭಾರತದ ಲಿಪಿಗಳಲ್ಲಿ ಅದು ಬಲ್ಲುದು ದೇವನಾಗರಿ, ತಮಿಳುಗಳನ್ನು ಮಾತ್ರ. ಕನ್ನಡವೂ ಗುಜರಾತಿಯೂ ಒಟ್ಟಿಗೇ ಬಂದುದು 2001ರ ವಿಂಡೋಸ್ ಎಕ್ಸ್‌ಪಿಯಲ್ಲಿ. ಕನ್ನಡಕ್ಕೆ ‘ತುಂಗಾ’, ಗುಜರಾತಿಗೆ ‘ಶ್ರುತಿ’ ಎಂಬ ಅಕ್ಷರರೂಪಗಳನ್ನು ಅದರೊಡನೆ ಕೊಟ್ಟರು. ಅದರಲ್ಲಿಯೂ ಮನೆಯವರಿಗೆಂದು ಮಾರಿದ ‘ಹೋಮ್’ ಆವೃತ್ತಿ ಒಂದೇ ಪ್ರೊಸೆಸರಿನದು. ಎರಡು ಬೇಕಾದರೆ ‘ಪ್ರೊಫೆಷನಲ್’ ಇರಬೇಕು. ಎರಡು ಲಿಪಿಯೂ ಎರಡು ಪ್ರೊಸೆಸರೂ ಒಂದೇ ಮನೆಯಲ್ಲಿ ಬಾಳಬೇಕಾದರೆ ಆಯ್ಕೆ ಅದೊಂದೇ ಆಗಿತ್ತು.

ಗುಜರಾತಿ ಶಾಲೆಗೆ ಹೋಗುವ ಮಗುವೊಂದು ತನ್ನ ಹೆಸರನ್ನು ಮೇಲೆ ಗುಜರಾತಿಯಲ್ಲಿ, ಕೆಳಗೆ ಕನ್ನಡದಲ್ಲಿ ಬರೆದು ಬಹಳ ಹೊತ್ತು ನೋಡುತ್ತ ಕುಳಿತುದನ್ನು ನಾವು ಕಂಡೆವು. ಈ ಮಕ್ಕಳ ಸ್ಥಿತಿಯನ್ನು ಇಲ್ಲಿ ಸ್ವಲ್ಪ ಹೇಳಬೇಕು. ಅವರಿಗೆ ಕನ್ನಡ ತಿಳಿಯುತ್ತದೆ. ತಾಯಿ ಕನ್ನಡದಲ್ಲಿ ಕರೆದರೆ ಬರುತ್ತಾರೆ. ಆದರೆ ಉತ್ತರವನ್ನು ಹಿಂದಿಯಲ್ಲಿಯೋ ಗುಜರಾತಿಯಲ್ಲಿಯೋ ಕೊಡುತ್ತಾರೆ. ಮಕ್ಕಳಿಗೆ ಕನ್ನಡ ಒಗ್ಗುವುದಿಲ್ಲವೆಂದು ಹಿರಿಯರು ನಮ್ಮೊಡನೆ ಕೊರಗುತ್ತಾರೆ. ಆ ಮಲಗಿದ ರೇಖೆಯನ್ನು ನೋಡುತ್ತಿದ್ದಾಗ ನಮಗೆ ಈ ಕೊರಗು ನೆನಪಾಯಿತು. ಎರಡನೆಯ ಪ್ರೊಸೆಸರಿನಲ್ಲಿ ದೋಷವಿರಲಿಲ್ಲ. ಅದಕ್ಕೊಂದು ಕೆಲಸವನ್ನು ಯಾರೂ ಬರೆದಿರಲಿಲ್ಲ. ಈ ಮಕ್ಕಳ ಕನ್ನಡಕ್ಕೂ ನಾವು ಕೊಡುತ್ತಿದ್ದ ಕೆಲಸ ಯಾವುದು? ಕಾಗುಣಿತ, ವಾರದ ಹೆಸರು, ಆಕಳಿನ ಮೇಲೆ ಐದು ವಾಕ್ಯ.

ಅಂದಿನಿಂದ ಪಾಠಕ್ರಮವನ್ನು ಬದಲಿಸಿದೆವು. ಈ ಯಂತ್ರವನ್ನು ಕಟ್ಟುವ, ತೆರೆಯುವ, ನಿಲ್ಲಿಸುವ ಕ್ರಮವನ್ನು ಮಕ್ಕಳೇ ಒಂದು ನೋಟುಬುಕ್ಕಿನಲ್ಲಿ ಕನ್ನಡದಲ್ಲಿ ಬರೆಯಬೇಕು. ಒಂದು ಊರಿನ ಮಕ್ಕಳು ಬರೆದುದನ್ನು ಓದಿ ಇನ್ನೊಂದು ಊರಿನ ಮಕ್ಕಳು ಹಾಗೆಯೇ ಮಾಡಬೇಕು. ತಪ್ಪು ಬರೆದರೆ ಯಂತ್ರ ಎದ್ದೇಳುವುದಿಲ್ಲ. ಕೆಂಪು ಶಾಯಿಯ ಅಗತ್ಯವೇ ಇಲ್ಲ. ಶಬ್ದಗಳಿಗಾಗಿ ನಡೆದ ಜಗಳಗಳು ಸ್ವಾರಸ್ಯವಾಗಿದ್ದವು. ಯಂತ್ರವನ್ನು ‘ಚಾಲೂ ಮಾಡು’ ಎಂದು ಒಬ್ಬನು ಬರೆದರೆ ಅದು ಗುಜರಾತಿಯೆಂದು ಇನ್ನೊಬ್ಬಳು ಹೊಡೆದುಹಾಕಿದಳು. ನಮ್ಮ ಹುಬ್ಬಳ್ಳಿ ಧಾರವಾಡದ ಕಡೆಯಲ್ಲಿಯೂ ಚಾಲೂ, ಬಂದ್ ಎಂದೇ ಹೇಳುವುದೆಂದು ನಾವು ತೀರ್ಪು ಕೊಡಬೇಕಾಯಿತು. ಸೂರತ್ತಿನಿಂದ ಬಂದ ಪುಟದಲ್ಲಿ ‘ಎರಡೂ ಪ್ರೊಸೆಸರ್ ಒಂದೇ ತಾಯಿಯ ಮಕ್ಕಳಿರಬೇಕು’ ಎಂಬ ವಾಕ್ಯವಿತ್ತು. ಒಂದೇ ವೇಗದವು, ಒಂದೇ ತಳಿಯವು ಎಂದು ಅದರ ಅರ್ಥ. ನಾವು ಅದನ್ನು ತಿದ್ದಲಿಲ್ಲ. ಹಿರಿಯ ಸಹೋದ್ಯೋಗಿಗಳಿಗೆ ನಾವು ಅಂದೇ ಕೊಡಬೇಕಾಗಿದ್ದ ಉತ್ತರವು ಆ ನೋಟುಬುಕ್ಕಿನಲ್ಲಿದೆ.

ಆಕ್ಷೇಪಗಳಿಲ್ಲದಿಲ್ಲ. ಹೊಸ ಗಣಕ ಅಗ್ಗವಾಗಿ ದೊರೆಯುವಾಗ ಹಳೆಯದೇಕೆ ಎನ್ನುವವರಿಗೆ, ಹೊಸದು ಬೇಡವೆಂದು ನಾವೆಲ್ಲಿಯೂ ಹೇಳಿಲ್ಲವೆಂಬುದೇ ಉತ್ತರ. ಮಕ್ಕಳನ್ನು ಆಟದ ಹುಚ್ಚಿಗೆ ಹಚ್ಚುವಿರೆಂಬುದು ಇನ್ನೂ ಬಲವಾದ ಮಾತು. ಆದರೆ ತಾನೇ ತಿರುಪು ಬಿಗಿದು ಎಬ್ಬಿಸಿದ ಯಂತ್ರದ ಮೇಲೆ ಅರ್ಧತಾಸು ಆಡುವುದಕ್ಕೂ, ಎಂದೂ ಮುಗಿಯದಂತೆ ಹೆಣೆದ ಮೊಬೈಲಿನ ಆಟಕ್ಕೆ ಸಿಕ್ಕಿಬೀಳುವುದಕ್ಕೂ ಅಂತರವುಂಟು. ಹಳೆಯ ಆಟಕ್ಕೆ ಕೊನೆಯಿದೆ. ರಾಜಕುಮಾರಿಯನ್ನು ಬಿಡಿಸಿದರೆ ಮುಗಿಯಿತು.

ನಮಗೆ ಒಪ್ಪಿಗೆಯಾಗದಿರುವುದು ಇನ್ನೊಂದು ಗುಂಪಿನವರ ರೀತಿ. ಹಳೆಯ ಬೋರ್ಡುಗಳನ್ನೂ 3ಡಿಎಫ್‌ಎಕ್ಸ್ ಕಂಪನಿಯ ವೂಡೂ ಕಾರ್ಡುಗಳನ್ನೂ ದುಬಾರಿ ಬೆಲೆಗೆ ಕೊಂಡು, ಪೆಟ್ಟಿಗೆಯನ್ನು ಒಡೆಯದೆ ಗಾಜಿನ ಹಿಂದೆ ಇಡುವವರಿದ್ದಾರೆ. ಸಂಗ್ರಹಾಲಯಗಳನ್ನು ನಾವು ಹಳಿಯುವುದಿಲ್ಲ. ಅಹಮದಾಬಾದಿನಲ್ಲಿ 1949ರಿಂದ ಕ್ಯಾಲಿಕೊ ವಸ್ತ್ರ ಸಂಗ್ರಹಾಲಯವಿದೆ. 1981ರಿಂದ ಪಾತ್ರೆಪಡಗಗಳಿಗೆಂದೇ ‘ವೇಚಾರ್’ ಇದೆ. ಹಳೆಯ ಕೊಡವನ್ನು ನೋಡಿದರೆ ಅದರ ಉಪಯೋಗ ತಿಳಿಯುತ್ತದೆ. ನಡೆಯದ ಗಣಕವಾದರೋ ಬರಿಯ ತಗಡಿನ ಪೆಟ್ಟಿಗೆ. ಆಯುಧಪೂಜೆಯ ದಿನ ನಾವು ಗಣಕಕ್ಕೆ ಕುಂಕುಮವಿಡುತ್ತೇವೆ, ದೀಪಾವಳಿಯ ಚೋಪಡಾ ಪೂಜೆಯಲ್ಲಿ ಗುಜರಾತದ ವರ್ತಕರು ಖಾತೆಪುಸ್ತಕದ ಪಕ್ಕದಲ್ಲಿ ಲ್ಯಾಪ್‌ಟಾಪನ್ನು ಇಡುತ್ತಾರೆ. ವರ್ಷದಲ್ಲಿ ಒಂದು ದಿನ ಅದರ ಮುಚ್ಚಳವನ್ನು ತೆರೆದು ಧೂಳನ್ನು ತೆಗೆದರೆ ಅದೂ ಪೂಜೆಯೇ ಅಲ್ಲವೆ?

ಇನ್ನು ಬಿನ್ನಹ. ಶಾಲೆಯ ಮಹಡಿಯ ಮೆಟ್ಟಿಲ ಕೆಳಗಿನ ಕೋಣೆಯಲ್ಲಿ, ನಾವು ಮೊದಲು ಕೈಯಿಟ್ಟ ಗಣಕಗಳು ಇನ್ನೂ ಇವೆಯೆಂದು ಗೆಳೆಯರಿಂದ ತಿಳಿಯಿತು. ಅವನ್ನು ಗುಜರಿಯವರಿಗೆ ಒಟ್ಟಾಗಿ ಕೊಟ್ಟುಬಿಡುವ ವಿಚಾರವಿದೆಯಂತೆ. 2023ರ ಏಪ್ರಿಲಿನಿಂದ ಜಾರಿಯಲ್ಲಿರುವ ಇ-ತ್ಯಾಜ್ಯ ನಿಯಮಗಳಂತೆ ಅವು ನೋಂದಾಯಿತ ಮರುಬಳಕೆದಾರರಿಗೇ ಸೇರಬೇಕು, ಬೀದಿಯ ಆಸಿಡ್ಡಿಗಲ್ಲ. ಆದರೆ ಅದಕ್ಕೂ ಮೊದಲು ಒಂದನ್ನಾದರೂ, ಸಾಧ್ಯವಾದರೆ ಎರಡನ್ನು, ಮಕ್ಕಳ ಕೈಗೆ ಕೊಡಬೇಕೆಂದು ಮುಖ್ಯಾಧ್ಯಾಪಕರಲ್ಲಿ ಪ್ರಾರ್ಥಿಸುತ್ತೇವೆ. ಎರಡು ಪ್ರೊಸೆಸರುಗಳ ಯಂತ್ರವೇ ಆಗಬೇಕೆಂದೇನೂ ಇಲ್ಲ. ಎರಡು ಎಚ್ಚರಿಕೆಗಳು ಮಾತ್ರ ಅವಶ್ಯ. ಹಳೆಯ ದಪ್ಪ ಮಾನಿಟರನ್ನೂ ವಿದ್ಯುತ್ ಪೆಟ್ಟಿಗೆಯಾದ ಎಸ್‌ಎಂಪಿಎಸ್ಸನ್ನೂ ವಿದ್ಯಾರ್ಥಿಗಳು ಎಂದಿಗೂ ಬಿಚ್ಚಕೂಡದು. ಪ್ಲಗ್ಗನ್ನು ಕಿತ್ತ ಮೇಲೆಯೂ ಅವುಗಳೊಳಗೆ ಪ್ರಾಣಾಪಾಯದ ವಿದ್ಯುತ್ತು ಉಳಿದಿರುತ್ತದೆ. ಎಕ್ಸ್‌ಪಿಗೆ ರಕ್ಷಣೆಯ ತಿದ್ದುಪಡಿಗಳು 2014ರ ಏಪ್ರಿಲಿನಲ್ಲಿಯೇ ನಿಂತುಹೋದವು. ಅಂತಹ ಯಂತ್ರವನ್ನು ಇಂಟರ್‌ನೆಟ್ಟಿಗೆ ಜೋಡಿಸಬಾರದು.

ಆ ಕೋಣೆಯಲ್ಲಿ ಫ್ಲಾಪಿಗಳ ಒಂದು ಡಬ್ಬಿಯೂ ಇರಬೇಕು. ನಾವು ಓದುತ್ತಿದ್ದ ವರ್ಷಗಳಲ್ಲಿ ಈ ಸಂಚಿಕೆಯ ಲೇಖನಗಳನ್ನು ಗಣಕದಲ್ಲಿ ಜೋಡಿಸಿ ಫ್ಲಾಪಿಯಲ್ಲಿ ಮುದ್ರಣಾಲಯಕ್ಕೆ ಕಳುಹುತ್ತಿದ್ದರು. 1998ರಲ್ಲಿ ಶೇಷಾದ್ರಿವಾಸು ಅವರ ‘ಬರಹ’ ಬಂದಿತು, ಅದರ ಬಳಿಕ ಕನ್ನಡ ಗಣಕ ಪರಿಷತ್ತಿನ ‘ನುಡಿ’. ಅಂದಿನ ಆ ಕಡತಗಳಲ್ಲಿ ಕನ್ನಡವು ಇಂದಿನ ಯೂನಿಕೋಡಿನಂತೆ ಕನ್ನಡವಾಗಿ ಕುಳಿತಿಲ್ಲ. ಇಂಗ್ಲಿಷಿನ ಸಂಕೇತಗಳ ಮೇಲೆ ಕನ್ನಡದ ರೂಪಗಳನ್ನು ಹೊದಿಸಿರುತ್ತಾರೆ. ಆ ಅಕ್ಷರರೂಪವಿಲ್ಲದ ಯಂತ್ರದಲ್ಲಿ ತೆರೆದರೆ ಅರ್ಥವಿಲ್ಲದ ಇಂಗ್ಲಿಷ್ ಚಿಹ್ನೆಗಳ ಸಂತೆಯೇ ಕಾಣುವುದು. ಅವುಗಳನ್ನು ಯೂನಿಕೋಡಿಗೆ ತಿರುಗಿಸುವ ಪರಿವರ್ತಕಗಳು ಈಗ ಇವೆ. ಆದರೆ ಮೊದಲು ಅವು ಫ್ಲಾಪಿಯಿಂದ ಹೊರಗೆ ಬರಬೇಕು. ಫ್ಲಾಪಿಯ ಕಾಂತಪಟ್ಟಿ ವರ್ಷದಿಂದ ವರ್ಷಕ್ಕೆ ಸವೆಯುತ್ತದೆ, ಬೂಷ್ಟು ಹಿಡಿಯುತ್ತದೆ. ನಮ್ಮ ತರಗತಿಯ ಹುಡುಗನೊಬ್ಬನು ಬರೆದ, ಅಂದು ಅಚ್ಚಾಗದೆ ಉಳಿದ ಒಂದು ಕಥೆ ಅವುಗಳಲ್ಲಿ ಒಂದರಲ್ಲಿದೆಯೆಂದು ನಮಗೆ ಗೊತ್ತು. ಅದನ್ನು ಟೈಪು ಮಾಡಿದವರು ನಾವೇ.

ಮೇ ತಿಂಗಳ ರಜೆಯಲ್ಲಿ ನಾವು ಊರಿಗೆ ಬರುವೆವು. ಫ್ಲಾಪಿ ಡ್ರೈವ್ ನಮ್ಮ ಯಂತ್ರದಲ್ಲಿ ಚೆನ್ನಾಗಿ ನಡೆಯುತ್ತಿದೆ. ಅದನ್ನೂ ಒಂದು ಸ್ಕ್ರೂಡ್ರೈವರನ್ನೂ ಮಕ್ಕಳು ಬರೆದ ನೋಟುಬುಕ್ಕನ್ನೂ ಜೊತೆಗೆ ತರುತ್ತೇವೆ. ಆ ಕೋಣೆಯ ಕೀಲಿ ಯಾರ ಬಳಿಯಲ್ಲಿದೆಯೆಂಬುದನ್ನು ಶಾಲೆಯವರು ಅಷ್ಟರೊಳಗೆ ದಯಮಾಡಿ ತಿಳಿಸಬೇಕು.